ಸಣ್ಣ ವಜ್ರಗಳ ಕೋಣೆ

ಹದಿನಾಲ್ಕು ವರ್ಷ ನಾನು ಒಬ್ಬರಿಗೆ ಬೆನ್ನು ಮಾಡಿ ಕೂತು ಕೆಲಸ ಮಾಡಿದೆ. ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿ ಕೆಳಗೆ ಬಂಗಾರದ ಅಂಗಡಿ, ಮೇಲೆ ನಮ್ಮ ಕೋಣೆ. ಕೋಣೆಗೆ ಎದುರುಬದುರು ಎರಡು ಕಿಟಕಿ. ಒಂದರ ಬೆಳಕು ಅವರಿಗೆ, ಇನ್ನೊಂದರದು ನನಗೆ. ಅವರ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುವ ಸದ್ದು ಎಲ್ಲವೂ ನನಗೆ ಬಾಯಿಪಾಠ. ಮುಖ ಮಾತ್ರ ಬೆಳಿಗ್ಗೆ ಬಂದಾಗ ಒಮ್ಮೆ, ಸಂಜೆ ಹೋಗುವಾಗ ಒಮ್ಮೆ ಕಾಣುತ್ತಿತ್ತು.

ಉಂಗುರದ ನಡುವೆ ದೊಡ್ಡ ಹರಳು ಇರುತ್ತದಲ್ಲ, ಅದರ ಸುತ್ತ ಗಸಗಸೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ವಜ್ರಗಳಿರುತ್ತವೆ. ಕೊಳ್ಳುವವರು ಅವನ್ನು ಒಂದೊಂದಾಗಿ ನೋಡುವುದಿಲ್ಲ. ಅವು ಇಲ್ಲದಿದ್ದರೆ ಮಾತ್ರ ದೊಡ್ಡ ಹರಳು ಮಂಕಾಗಿ ಕಾಣುತ್ತದೆ. ನಮ್ಮಲ್ಲಿ ಅದಕ್ಕೆ ಬಾರೀಕ ಮಾಲು ಎನ್ನುತ್ತಿದ್ದರು. ಕಾಗದದ ಪುಡಿಕೆ ಬಿಚ್ಚಿ, ತೂತಿನ ತಟ್ಟೆಗಳ ಚಾಳಣಿಯಲ್ಲಿ ಆಡಿಸಿ, ಒಂದೇ ಅಳತೆಯವು, ಒಂದೇ ಬಿಳುಪಿನವು ಎಂದು ಬೇರೆ ಮಾಡುವುದು ನನ್ನ ಕೆಲಸ. ಅವನ್ನು ಬಂಗಾರದೊಳಗೆ ಕೂಡ್ರಿಸುವುದು ಅವರ ಕೆಲಸ. ಕೋಣೆಯಲ್ಲಿ ಫ್ಯಾನಿತ್ತು, ಆದರೆ ಹಚ್ಚುವ ಹಾಗಿರಲಿಲ್ಲ. ಗಾಳಿ ಬಿಟ್ಟರೆ ಮಾಲು ಹಾರಿಹೋಗುತ್ತದೆ. ಮೇ ತಿಂಗಳಲ್ಲೂ ಕಿಟಕಿ ಮುಚ್ಚಿಯೇ ಕೂರುತ್ತಿದ್ದೆವು. ಸೀನು ಬಂದರೆ ಎದ್ದು ಮೆಟ್ಟಿಲವರೆಗೆ ಓಡಬೇಕು. ಮಾತಾಡಿದರೂ ಉಸಿರು ತಾಗುತ್ತದೆ ಎಂದು ಮೊದಮೊದಲು ಮಾತು ಬಿಟ್ಟೆವು. ಆಮೇಲೆ ಅದೇ ರೂಢಿಯಾಯಿತು.

ನಾನು ಈ ಕೆಲಸಕ್ಕೆ ಬಂದದ್ದು ನನ್ನ ಕಣ್ಣಿನ ದೆಸೆಯಿಂದ. ನಮ್ಮಪ್ಪ ಶಹಾಪುರದಲ್ಲೇ ಮಗ್ಗ ನೇಯುತ್ತಿದ್ದರು. ಹರಿದ ಎಳೆ ಹುಡುಕಿ ಗಂಟು ಹಾಕುವುದು ಮನೆಯಲ್ಲಿ ನನ್ನ ಪಾಲಿಗೆ ಬಿದ್ದ ಕೆಲಸ. ಎಲ್ಲರೂ ದೀಪ ಹಿಡಿದು ನೋಡುವ ಎಳೆಯನ್ನು ನಾನು ದೂರದಿಂದಲೇ ತೋರಿಸುತ್ತಿದ್ದೆ. ಮುಂದೆ ನನ್ನ ಮದುವೆಯಾಯಿತು, ಹನ್ನೊಂದು ತಿಂಗಳಿಗೆ ಮುರಿಯಿತು. ಗಂಡ ಕೆಟ್ಟವನೇನಲ್ಲ. ಅವನಿಗೆ ನಾನು ಬೇಡವಾಗಿದ್ದೆ, ಅದನ್ನು ಹೇಳಲು ಅವನಿಗೆ ಅಷ್ಟು ದಿನ ಹಿಡಿಯಿತು. ತಿರುಗಿ ಬಂದೆ. ಅಪ್ಪ ತೀರಿಕೊಂಡರು, ಆಮೇಲೆ ಅವ್ವ. ಮಗ್ಗ ಮಾರಿದೆವು. ಅಣ್ಣ ಉದ್ಯಮಬಾಗದ ಒಂದು ಫೌಂಡ್ರಿಗೆ ಸೇರಿ ಅತ್ತ ಕಡೆಯೇ ಮನೆ ಮಾಡಿದ. ನಾನು ಒಂದು ಪಾವರ್‌ಲೂಮ್ ಶೆಡ್ಡಿನ ಮೇಲಿನ ಬಾಡಿಗೆ ಖೋಲಿಯಲ್ಲಿ ಉಳಿದೆ. ದಿನವೆಲ್ಲ ಕೆಳಗೆ ಮಗ್ಗಗಳು ಬಡಿಯುತ್ತವೆ, ನೆಲ ಸಣ್ಣಗೆ ನಡುಗುತ್ತದೆ. ಬಂದವರು ಇದರಲ್ಲಿ ಹೇಗೆ ಇರುತ್ತೀರಿ ಎಂದು ಕೇಳುತ್ತಾರೆ. ಕರೆಂಟು ಹೋಗಿ ಅವು ನಿಂತಾಗಲೇ ನನಗೆ ಕಷ್ಟ.

ಅಂಗಡಿಯ ಮಾಲಕರು ಜೈನರು, ಅಜ್ಜನ ಕಾಲದಿಂದಲೂ ಈ ಊರಿನವರು. ಅವರ ಹೆಂಡತಿ ನಮ್ಮಪ್ಪನ ಹತ್ತಿರ ಸೀರೆ ಒಯ್ಯುತ್ತಿದ್ದರು. ನನ್ನ ಕಣ್ಣಿನ ಸುದ್ದಿ ಅವರಿಗೆ ಗೊತ್ತಿತ್ತು. ಹಾಗೆ ನನಗೆ ಆ ಕಿಟಕಿ ಸಿಕ್ಕಿತು.

ಇನ್ನೊಂದು ಕಿಟಕಿಯವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಖಾನಾಪುರದವರು. ದಿನಾ ಬೆಳಿಗ್ಗೆ ರೈಲು ಹತ್ತಿ ಬೆಳಗಾವಿಗೆ ಬಂದು, ಸಂಜೆ ರೈಲಿಗೋ ಬಸ್ಸಿಗೋ ತಿರುಗಿ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿದ್ದರು. ಒಬ್ಬಳೇ ಮಗಳು, ಹುಬ್ಬಳ್ಳಿಗೆ ಕೊಟ್ಟಿದ್ದರು. ತಮ್ಮನ ಮನೆಯಲ್ಲಿ ಅವರಿಗೊಂದು ಕೋಣೆ. ಇಷ್ಟು ಸಂಗತಿ ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ನನ್ನನ್ನು ಅವರು ಮರ್ಯಾದೆಯಿಂದ ಬಾಯಿ ಎನ್ನುತ್ತಿದ್ದರು. "ಬಾಯೀ, ಒಂಬತ್ತು ಹರಳು ಕೊಡ್ರಿ." "ಬಾಯೀ, ಇದರಾಗ ಒಂದು ಹಳದಿ ಐತಿ ನೋಡ್ರಿ." ನಮ್ಮ ಮಾತು ಅಷ್ಟೇ. ಮಧ್ಯಾಹ್ನ ಅವರು ನಮಾಜಿಗೆ ಹೋಗಿ ಬರುತ್ತಿದ್ದರು, ನಾನು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ಒಬ್ಬರ ಊಟವನ್ನು ಇನ್ನೊಬ್ಬರು ನೋಡಿದವರಲ್ಲ.

ಅವರ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ಒಂದು ಮಳೆಗಾಲದಲ್ಲಿ. ಹದಿಮೂರು ವರ್ಷ ಜೊತೆಗೆ ಕೆಲಸ ಮಾಡಿದ ಮೇಲೆ.

ಅವತ್ತು ಅವರು, "ಬಾಯೀ, ಒಂದು ಹರಳು ಜಿಗಿದೈತಿ, ಸ್ವಲ್ಪ ನೋಡ್ತೀರೇನು?" ಎಂದು ಕೇಳಿದರು. ಹರಳು ಜಿಗಿಯುವುದು ಹೊಸದಲ್ಲ. ಚಿಮಟಿಯಲ್ಲಿ ಒಂದಿಷ್ಟು ಹೆಚ್ಚು ಒತ್ತಿದರೆ ಹಾರುತ್ತದೆ. ಆಗ ಯಾರೂ ಕಾಲು ಎತ್ತಬಾರದು, ಸೀರೆ ಕೊಡವಬಾರದು. ನಾನು ನೆಲ ನೋಡುತ್ತ ಮೊಣಕಾಲ ಮೇಲೆ ಅವರ ಮೇಜಿನವರೆಗೆ ಹೋದೆ. ಹರಳು ನೆಲದ ಮೇಲೆ ಇರಲಿಲ್ಲ. ಅವರ ಮುಂದಿನ ಬಿಳಿ ಕಾಗದದ ನಟ್ಟನಡುವೆ ಹೊಳೆಯುತ್ತ ಕೂತಿತ್ತು. ಚಾಚಾ ಅದನ್ನೇ ನೋಡುತ್ತಿದ್ದರು. ನೋಡುತ್ತಲೇ ಚಿಮಟಿಯಿಂದ ಕಾಗದದ ಅಂಚನ್ನು ತಡಕುತ್ತಿದ್ದರು.

ನಾನು ಹರಳನ್ನು ಎತ್ತಿ ಅವರ ಅಂಗೈ ಮೇಲೆ ಇಟ್ಟೆ.

"ಎಲ್ಲಿತ್ತು?" ಎಂದರು.

"ಇಲ್ಲೇ ಮೇಜಿನ ಬಾಜು," ಎಂದೆ.

ಅವರು ಹರಳಿನ ಮೇಲೆ ಬೆರಳು ಮುಚ್ಚಿದರು. ಆಮೇಲೆ, "ಸುಳ್ಳ ಹೇಳಬ್ಯಾಡ್ರಿ," ಎಂದರು. "ಕಾಗದದ ಮ್ಯಾಲೇ ಇತ್ತು. ಹೌದಲ್ರಿ?"

"ಹೌದ್ರೀ ಚಾಚಾ."

ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಅಂದು ಮೊದಲ ಸಲ ಕುರ್ಚಿ ತಿರುಗಿಸಿ ನನ್ನ ಕಡೆ ಕೂತು ಮಾತಾಡಿದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಹತ್ತಿತ್ತು. ಬೆಳಗಾವಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಇದ್ದದ್ದು ಉಳಿದರೆ ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದಿದ್ದರಂತೆ. "ಬಾಜೂದ್ದೆಲ್ಲಾ ಕಾಣತೈತಿ," ಎಂದರು. "ರೈಲು ಕಾಣತೈತಿ, ಮಂದಿ ಕಾಣತಾರ, ಹಾದಿ ಕಾಣತೈತಿ. ಆದರ ಯಾವುದನ್ನ ನೋಡಬೇಕಂತ ಕಣ್ಣ ನೆಡತೀನಲ್ಲ, ಅದಷ್ಟ ಕಾಣಂಗಿಲ್ಲ. ಅದರ ಮ್ಯಾಲೆ ಮಸಿ ಬಿದ್ದಂಗ ಆಗತೈತಿ."

"ಮಾಲಕರಿಗೆ ಹೇಳೀರೇನು?"

"ಹೇಳಿದ್ರ ಮರುದಿನ ಮನ್ಯಾಗ ಕುಂದರಬೇಕು. ಮನ್ಯಾಗ ಕುಂತು ಏನ ಮಾಡ್ಲಿ? ಅಲ್ಲಿ ನನ್ನ ಜೋಡಿ ಮಾತಾಡವ್ರು ಯಾರದಾರ?"

ನನ್ನ ಜೊತೆಗಾದರೂ ಅವರು ಎಷ್ಟು ಮಾತಾಡುತ್ತಿದ್ದರು ಎಂದು ನನಗೆ ಅನ್ನಿಸಿತು. ಆದರೆ ಅದರ ಅರ್ಥ ನನಗೆ ಗೊತ್ತಿತ್ತು. ನಾನೂ ಭಾನುವಾರಗಳನ್ನು ದೂಡುತ್ತಿದ್ದವಳೇ.

ಅಂದಿನಿಂದ ನಾವಿಬ್ಬರೂ ಒಂದೇ ಮೇಜಿಗೆ ಕೂತೆವು. ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ನಾನು ಎದ್ದು ನನ್ನ ಕಿಟಕಿಗೆ ಹೋಗುತ್ತಿದ್ದೆ. ಕಟ್ಟಿಗೆಯ ಹಿಡಿಕೆಯ ತುದಿಗೆ ಅರಗು ಹಾಕಿ, ಅದರಲ್ಲಿ ಉಂಗುರವನ್ನು ಗಟ್ಟಿಯಾಗಿ ನಿಲ್ಲಿಸುವುದು ಅವರೇ. ನಾನು ಭೂತಗನ್ನಡಿ ಹಾಕಿಕೊಂಡು, ಜೇನುಮೇಣ ಹಚ್ಚಿದ ಕಡ್ಡಿಯಿಂದ ಒಂದೊಂದೇ ಹರಳನ್ನು ಎತ್ತಿ ಅದರದರ ಕುಳಿಯಲ್ಲಿ ಕೂಡ್ರಿಸುತ್ತಿದ್ದೆ. ಹರಳು ಓರೆಯಾಗದೆ ಕೂತಿದೆಯೇ ಎಂದು ನೋಡಿ ಹೇಳುತ್ತಿದ್ದೆ. ಅವರು ಬೆರಳ ತುದಿಯಿಂದ ಜಾಗ ಹುಡುಕಿ, ಹರಳನ್ನು ಹಿಡಿಯುವ ಬಂಗಾರದ ಉಗುರುಗಳನ್ನು ಅದರ ಮೇಲೆ ಬಗ್ಗಿಸುತ್ತಿದ್ದರು.

"ಸ್ವಲ್ಪ ಎಡಕ ಬರ್ರಿ. ಹಾಂ. ಈಗ ಒತ್ತರಿ."

"ಸಾಕೇನು?"

"ಇನ್ನೊಂಚೂರು. ಸಾಕು, ಸಾಕು."

ಕುಳಿ ಕೊರೆಯುವಾಗ ಕೈ ಹೇಗೆ ನಿಲ್ಲಬೇಕು, ಬಂಗಾರ ಯಾವಾಗ ಬಗ್ಗುತ್ತದೆ, ಯಾವಾಗ ಹಟ ಮಾಡುತ್ತದೆ ಎಂದು ಹೇಳುತ್ತ ಹೋದರು. ಉಸಿರು ತಾಗಬಾರದು ಎಂದು ಇಬ್ಬರೂ ಬಾಯಿಗೆ ಅರಿವೆ ಕಟ್ಟಿಕೊಂಡು ಮಾತಾಡುತ್ತಿದ್ದೆವು. ಕೆಲಸದ ಮಾತಿನ ನಡುವೆ ಬೇರೆ ಮಾತೂ ಬರತೊಡಗಿತು. ಅವರ ಹೆಂಡತಿ ಮಲಪ್ರಭೆಗೆ ನೀರು ಬಂದಾಗ ನೋಡಲು ಹೋಗಬೇಕೆಂದು ಹಟ ಮಾಡುತ್ತಿದ್ದದ್ದನ್ನು ಹೇಳಿದರು. ನಾನು ನನ್ನ ಹನ್ನೊಂದು ತಿಂಗಳ ಸಂಸಾರದ ಬಗ್ಗೆ ಹೇಳಿದೆ. ಅದನ್ನು ನಾನು ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ, ಅಣ್ಣನ ಮುಂದೆಯೂ. ಅವರು ಕೆಲಸ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಕೇಳಿ ಮುಗಿಸಿದ ಮೇಲೆ, "ಮುಂದಿನ ಹರಳು ಇಡು ಬೇಟಾ," ಎಂದರು. ಅಂದಿನಿಂದ ನಾನು ಬಾಯಿ ಹೋಗಿ ಬೇಟಾ ಆದೆ. ಮಧ್ಯಾಹ್ನ ಅವರು ನಮಾಜಿನಿಂದ ಬರುವವರೆಗೆ ನಾನು ಡಬ್ಬಿ ಬಿಚ್ಚದೆ ಕಾಯತೊಡಗಿದೆ.

ಹೀಗೆ ಎಂಟು ತಿಂಗಳು ನಡೆಯಿತು. ಮಾಲಕರಿಗೆ ಮೋಸ ಮಾಡುತ್ತಿದ್ದೇವೆ ಎಂಬುದು ಗೊತ್ತಿತ್ತು. ಆದರೆ ಕೆಲಸದಲ್ಲಿ ಕುಂದಿರಲಿಲ್ಲ. ಚಾಚಾನ ಕೈ ಈಗಲೂ ಹಾಗೇ ಇದೆಯಲ್ಲ ಎಂದು ಮಾಲಕರೇ ಒಮ್ಮೆ ಹೊಗಳಿದಾಗ ನಾನು ನನ್ನ ಕಿಟಕಿಯ ಕಡೆ ಮುಖ ಮಾಡಿಕೊಂಡು ನಕ್ಕೆ. ಸುಳ್ಳು ಹೇಳಬಾರದು, ಆ ಎಂಟು ತಿಂಗಳು ನಾನು ಸುಖವಾಗಿದ್ದೆ. ಬೆಳಿಗ್ಗೆ ಎದ್ದರೆ ಹೋಗಲು ಒಂದು ಜಾಗವಿತ್ತು, ಅಲ್ಲಿ ನನ್ನ ದಾರಿ ನೋಡುವವರಿದ್ದರು.

ಆಮೇಲೆ ನನಗೆ ಜ್ವರ ಬಂದಿತು. ಎರಡು ದಿನ ಮೇಲೇಳಲಾಗಲಿಲ್ಲ. ಮಾಲಕರಿಗೆ ಫೋನ್ ಮಾಡಿ ರಜೆ ಹೇಳಿದೆ. ಚಾಚಾನ ಹತ್ತಿರ ಫೋನ್ ಇತ್ತು, ಆದರೆ ನನ್ನ ಹತ್ತಿರ ಅವರ ನಂಬರು ಇರಲಿಲ್ಲ. ಅಷ್ಟು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ. ಆ ಎರಡು ದಿನಗಳಲ್ಲೇ ಒಂದು ಅವಸರದ ಕೆಲಸ ಬಂದಿತ್ತು, ಒಂದು ಮದುವೆ ಮನೆಯವರ ಪದಕ. ನಡುವೆ ಒಂದು ಹರಳು, ಸುತ್ತ ಹದಿನೆಂಟು ಸಣ್ಣವು. ಚಾಚಾ ಒಬ್ಬರೇ ಕೂತು, ಬರೀ ಬೆರಳಿನಿಂದ ಹುಡುಕಿ ಹುಡುಕಿ, ಅದನ್ನು ಮುಗಿಸಿ ಕೊಟ್ಟಿದ್ದರು.

ಒಂದು ತಿಂಗಳಿಗೆ ಆ ಪದಕ ತಿರುಗಿ ಬಂತು. ಹದಿನೆಂಟರಲ್ಲಿ ಎರಡು ಕುಳಿ ಬರಿದಾಗಿದ್ದವು. ಮೂರನೆಯ ಹರಳು ಅಲುಗುತ್ತಿತ್ತು. ಮದುಮಗಳ ಮನೆಯವರು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಜೋರು ಮಾಡಿ ಹೋದರು.

ಮಾಲಕರು ಮೇಲೆ ಬಂದು ಪದಕವನ್ನು ನಡುವಿನ ಸ್ಟೂಲಿನ ಮೇಲೆ ಇಟ್ಟರು. "ಇದು ಹೆಂಗಾತು?" ಎಂದರು. ಅವರು ದನಿ ಏರಿಸುವ ಮನುಷ್ಯರಲ್ಲ. "ನಮ್ಮಪ್ಪನ ಕಾಲದಿಂದ ಹಿಂಗ ಆಗಿಲ್ಲ."

ಚಾಚಾನ ಕೈ ಮೇಜಿನ ಅಂಚು ಹಿಡಿದಿತ್ತು. ನನಗೆ ಭಯವಾಯಿತು. ಇನ್ನೊಂದು ಪ್ರಶ್ನೆ ಕೇಳಿದರೆ ಎಲ್ಲ ಹೊರಬೀಳುತ್ತದೆ, ನಾಳೆಯಿಂದ ಆ ಕುರ್ಚಿ ಖಾಲಿ ಎಂದು ಅನ್ನಿಸಿತು.

"ತಪ್ಪು ನಂದ್ರೀ ಅಣ್ಣಾರ," ಎಂದೆ. "ರಜಾ ಹಾಕೂ ಹಿಂದಿನ ದಿನ ಜ್ವರದಾಗ ಅಳತಿ ತಪ್ಪಿ ಸಣ್ಣ ಹರಳು ಕಟ್ಟಿ ಇಟ್ಟಿದ್ದೆ. ಕುಳಿಗಿಂತ ಸಣ್ಣವು."

ಮಾಲಕರು ಚಾಚಾನ ಕಡೆ ನೋಡಿದರು. "ಹೌದೇನು ಚಾಚಾ?"

ಚಾಚಾ ತಲೆ ತಗ್ಗಿಸಿದರು. ಅಲ್ಲ ಎನ್ನಲಿಲ್ಲ.

ಮರುದಿನದಿಂದ ನನ್ನನ್ನು ಕೆಳಗೆ ಕೌಂಟರಿಗೆ ಹಾಕಿದರು. ಡಬ್ಬಿಗಳಿಗೆ ಚೀಟಿ ಅಂಟಿಸುವುದು, ಬಂದವರಿಗೆ ನೀರು ಕೊಡುವುದು. ಹರಳು ಮುಟ್ಟುವ ಹಾಗಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಪುಡಿಕೆ ಬಿಚ್ಚುವಾಗ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಒಂದು ಹರಳೂ ಅಳತೆ ತಪ್ಪದ ನನ್ನ ಕಣ್ಣು ಹೀಗೆ ಒಂದು ಮಾತಿಗೆ ಸುಳ್ಳಾಯಿತು. ಅದನ್ನು ಹೇಳಿದವಳು ನಾನೇ. ಆದರೂ ನನಗೆ ಸಿಟ್ಟು ಬಂದದ್ದು ಚಾಚಾನ ಮೇಲೆ. ಮಾಲು ಬೇರೆ ಮಾಡುವವರಿಲ್ಲದೆ ಹೊಸ ಕೆಲಸ ಮೇಲೆ ಹೋಗುತ್ತಿರಲಿಲ್ಲ, ಆದರೂ ಅವರು ಬೆಳಿಗ್ಗೆ ನನ್ನ ಮುಂದಿನಿಂದಲೇ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. "ನಮಸ್ಕಾರ" ಎನ್ನುತ್ತಿದ್ದರು. ನಾನು ಚೀಟಿ ಅಂಟಿಸುತ್ತಿದ್ದೆ. ಒಂದು ಮಾತು ಹೇಳಬಹುದಿತ್ತಲ್ಲ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಮಾಲಕರಿಗೆ ಬೇಡ, ನನಗಾದರೂ. ಖೋಲಿಗೆ ಬಂದು ಒಬ್ಬಳೇ ಅವರ ಜೊತೆ ಜಗಳವಾಡುತ್ತಿದ್ದೆ. ಕೆಳಗಿನ ಮಗ್ಗಗಳ ಸದ್ದಿನಲ್ಲಿ ನಾನು ದೊಡ್ಡ ದನಿಯಲ್ಲಿ ಮಾತಾಡಿದರೂ ಯಾರಿಗೂ ಕೇಳುತ್ತಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಚಾಚಾ ಕೆಳಗೆ ಇಳಿದು ಬಂದರು. ನಮಾಜಿಗೆ ಹೊರಟರೇನೋ ಅಂದುಕೊಂಡೆ. ಅವರು ಮಾಲಕರ ಗಾದಿಯ ಮುಂದೆ ಹೋಗಿ ನಿಂತರು.

"ಅಣ್ಣಾರ, ಬಾಯಿ ಸುಳ್ಳ ಹೇಳ್ಯಾರ," ಎಂದರು. "ಅಳತಿ ತಪ್ಪಿರಲಿಲ್ಲ. ನನಗ ಕಣ್ಣ ಕಾಣಂಗಿಲ್ಲ. ಎಂಟೊಂಬತ್ತು ತಿಂಗಳಾತು. ಎಲ್ಲಾ ಹರಳು ಅವರ ಕೂಡ್ರಿಸ್ಯಾರ, ನಾನು ಬರೇ ಒತ್ತೀನಿ. ಅವರಿಲ್ಲದಾಗ ಮಾಡಿದ್ದು ಒಂದ ಪದಕ. ಅದ ತಿರುಗಿ ಬಂತು."

ಮಾಲಕರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. "ಅಂದ್ರ ಇಬ್ಬರೂ ಕೂಡಿ ನನ್ನ ಕಣ್ಣಿಗೆ ಮಣ್ಣ ಹಾಕಿದ್ರಿ," ಎಂದರು.

"ಹಾಕಿದ್ವಿ," ಎಂದರು ಚಾಚಾ. "ಒಂಬತ್ತು ದಿನ ಇದನ್ನ ಹೇಳಾಕ ನನಗ ಧೈರ್ಯ ಬರಲಿಲ್ಲ. ಅದರದ ನನಗ ಹೆಚ್ಚು ನಾಚಿಕಿ."

ಕೊನೆಯ ಮಾತನ್ನು ಅವರು ಮಾಲಕರಿಗೆ ಹೇಳಲಿಲ್ಲ, ನನಗೆ ಹೇಳಿದರು. ನಾನು ಕೈಯಲ್ಲಿದ್ದ ಚೀಟಿಯನ್ನು ಡಬ್ಬಿಗೆ ಅಂಟಿಸಿದೆ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅದನ್ನೂ ಹೇಳಬೇಕು.

ಮಾಲಕರು ಮೂರು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಚಾಚಾನನ್ನು ಕರೆದು ಶಾಲು ಹೊದಿಸಿ, ಪೇಢೆಯ ಡಬ್ಬಿ ಕೊಟ್ಟು, ನಿಲ್ದಾಣದವರೆಗೆ ತಮ್ಮ ಗಾಡಿಯಲ್ಲಿ ಕಳಿಸಿದರು. ಹೋಗುವ ಮೊದಲು ಚಾಚಾ ಅವರಲ್ಲಿ ಒಂದು ಮಾತು ಕೇಳಿದ್ದರಂತೆ. "ನನ್ನ ಕುರ್ಚಿಗೆ ಅಕಿನ್ನ ಕೂಡ್ರಿಸಿ ನೋಡ್ರಿ, ಕೈ ಕಲಿತೈತಿ, ಕಣ್ಣಂತೂ ಮೊದಲಿಂದ ಐತಿ," ಎಂದು. ಮಾಲಕರಿಗೆ ಮನಸ್ಸಿರಲಿಲ್ಲ. ಹರಳು ಕೂಡ್ರಿಸುವ ಕೆಲಸಕ್ಕೆ ಹೆಣ್ಣುಮಗಳು ಕೂತದ್ದನ್ನು ಅವರು ಕಂಡಿರಲಿಲ್ಲ. ಆದರೂ ನನಗೆ ಹಿತ್ತಾಳೆಯ ತಗಡು, ಒಂದು ಪುಡಿಕೆ ನಕಲಿ ಹರಳು ಕೊಟ್ಟರು. "ನಾಲ್ಕು ತಿಂಗಳು ಇದರ ಮ್ಯಾಲೆ ಮಾಡ್ರಿ, ಆಮ್ಯಾಲೆ ನೋಡೂಣು," ಎಂದರು.

ನಾನು ಮೇಲಿನ ಕೋಣೆಗೆ ತಿರುಗಿ ಹೋದೆ. ಈಗ ಎರಡು ಕಿಟಕಿಯೂ ನನ್ನವೇ. ಚಾಚಾನ ಮೇಜಿಗೆ ಕೂತೆ, ಅವರ ಉಳಿಗಳ ಹಿಡಿಕೆ ಅವರ ಅಂಗೈಗೆ ತಕ್ಕ ಹಾಗೆ ಸವೆದಿತ್ತು, ನನ್ನ ಕೈಯಲ್ಲಿ ಜಾರುತ್ತಿತ್ತು. ಅರಿವೆ ಸುತ್ತಿಕೊಂಡೆ. ಮೊದಲ ತಿಂಗಳು ಕೂಡ್ರಿಸಿದ ಹರಳಿಗಿಂತ ಒಡೆದ ಹರಳೇ ಹೆಚ್ಚು. ಮಾತಾಡಿದರೆ ಉಸಿರು ತಾಗೀತೆಂಬ ಭಯ ಈಗ ಇರಲಿಲ್ಲ, ಮಾತಾಡಲು ಯಾರೂ ಇರಲಿಲ್ಲ. ಕೆಳಗೆ ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ನಾನು ತಟ್ಟನೆ ಎದ್ದು ನಿಲ್ಲುತ್ತಿದ್ದೆ. ಆಮೇಲೆ ಏಳುವ ಕಾರಣವಿಲ್ಲವೆಂದು ನೆನಪಾಗಿ ಕೂರುತ್ತಿದ್ದೆ.

ಮೂರನೆಯ ತಿಂಗಳು ಒಂದು ಭಾನುವಾರ ಖಾನಾಪುರಕ್ಕೆ ಹೋದೆ. ಮನೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಹಣ್ಣಿನವನನ್ನು ಕನ್ನಡದಲ್ಲಿ ಕೇಳಿದೆ, ಅವನು ಮರಾಠಿಯಲ್ಲಿ ದಾರಿ ಹೇಳಿದ. ಹರಳಿನ ಕೆಲಸದವರು ಎಂದರೆ ಎಲ್ಲರಿಗೂ ಗೊತ್ತು. ಒಂದು ಓಣಿಯ ತುದಿಯಲ್ಲಿ ನೀಲಿ ಬಾಗಿಲಿನ ಮನೆ. ಚಾಚಾನ ತಮ್ಮನ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದೆ. ಅವರು ಒಳಗೆ ಹೋಗಿ ದಖ್ಖನಿಯಲ್ಲಿ ಏನೋ ಕೂಗಿದರು, ಚಾಚಾ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಬೇಟಾ? ಬಾ, ಕುಂದರು. ಊಟಾ ಮಾಡೀಯೇನು?"

ನಾನು ಚೀಲದಿಂದ ಹಿತ್ತಾಳೆ ತಗಡು ತೆಗೆದು ಅವರ ಕೈಗೆ ಕೊಟ್ಟೆ. ಅದರ ಮೇಲೆ ಎರಡು ಸಾಲು ಹರಳು ಕೂಡ್ರಿಸಿದ್ದೆ, ಇಪ್ಪತ್ತು. ನಾನು ಮಾಡಿದ್ದರಲ್ಲಿ ಅದೇ ಚೆನ್ನಾಗಿತ್ತು. ಅವರು ಅದನ್ನು ಕಣ್ಣಿನ ಹತ್ತಿರ ಒಯ್ಯಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಒಂದು ಸಾಲಿನ ಮೇಲೆ ನಿಧಾನ ಎಳೆದರು, ಆಮೇಲೆ ಇನ್ನೊಂದರ ಮೇಲೆ. ಹೆಗಲ ಮೇಲಿನ ಅರಿವೆಯಿಂದ ಒಂದು ಎಳೆ ಕಿತ್ತು ಹರಳುಗಳ ಮೇಲೆ ಎಳೆದರು. ಎಳೆ ಒಂದು ಕಡೆ ಸಿಕ್ಕಿಕೊಂಡಿತು.

"ಎರಡನೇ ಸಾಲಿನ್ಯಾಗ ಏಳನೇದು," ಎಂದರು. "ಹರಳ ಹಿಡಿಯೂ ಉಗುರು ಎದ್ದೈತಿ. ರೇಶಿಮಿ ಸೀರಿಗೆ ಹತ್ತಿದ್ರ ಎಳಿ ಕೀಳತೈತಿ. ಉಳಿದಾವು ಛೊಲೋ ಅದಾವು."

"ಬರೇ ಛೊಲೋ ಏನ್ರಿ?"

"ಹತ್ತು ವರ್ಷ ಆದ ಮ್ಯಾಲೆ ಭಾಳ ಛೊಲೋ ಅಂತೀನಿ," ಎಂದು ನಕ್ಕರು.

ಚಹಾ ಬಂತು. ಅವರು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಬಾಗಿಲ ಕಡೆ ನೋಡುವವರ ಹಾಗೆ ಕೂತರು. ಯಾರಾದರೂ ಬಂದರೇನೋ ಎಂದು ನಾನೂ ಅತ್ತ ನೋಡಿದೆ. ಯಾರೂ ಇರಲಿಲ್ಲ. "ನಿನ್ನನ್ನ ನೋಡಾಕತ್ತೀನಿ," ಎಂದರು. "ಅಡ್ಡ ನೋಡಿದ್ರ ಕಾಣತೀ. ತಲಿ ಇಷ್ಟ ಬೆಳ್ಳಗ ಯಾವಾಗಾತು? ನೀ ಕೆಲಸಕ್ಕ ಬಂದಾಗ ಎಷ್ಟ ಉದ್ದ ಕರೀ ಜಡಿ ಇತ್ತು." ಅಷ್ಟು ವರ್ಷ ಬೆನ್ನು ಮಾಡಿ ಕೂತವರು ನನ್ನ ಜಡೆ ನೋಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಆ ಒಂಬತ್ತು ದಿನಗಳ ಮಾತನ್ನು ಅವರೇ ತೆಗೆದರು. ದಿನಾ ಹೇಳಬೇಕೆಂದು ರೈಲು ಹತ್ತುತ್ತಿದ್ದರಂತೆ. ಅಂಗಡಿ ಬಂದ ಕೂಡಲೇ, ಇದೊಂದು ದಿನ ಆ ಕುರ್ಚಿಯಲ್ಲಿ ಕೂರೋಣ ಅನ್ನಿಸುತ್ತಿತ್ತಂತೆ. "ನನಗ ತಿಳೀತೈತ್ರಿ," ಎಂದೆ. ಖರೇ ಹೇಳಬೇಕೆಂದರೆ ಅವರ ಮಾತು ಕೇಳುತ್ತ ಅಲ್ಲಿ ಕೂತಾಗಲೇ ನನಗೆ ತಿಳಿದದ್ದು.

ಆಮೇಲೆ ತಿಂಗಳಿಗೊಂದು ಸಲ ಹೋಗತೊಡಗಿದೆ. ಅವರು ಹರಳುಗಳ ಮೇಲೆ ಉಗುರು ಎಳೆದು ತಪ್ಪು ಹೇಳುವರು, ನಾನು ಅಲ್ಲೇ ಕೂತು ತಿದ್ದುವೆ. ನಾಲ್ಕು ತಿಂಗಳು ಮುಗಿದಾಗ ಮಾಲಕರು ನನ್ನ ತಗಡನ್ನು ಬಹಳ ಹೊತ್ತು ನೋಡಿ, ಒಂದು ಚಿನ್ನದ ಉಂಗುರ ಕೊಟ್ಟರು, ಒಂಬತ್ತು ಸಣ್ಣ ವಜ್ರದ್ದು. ಎರಡು ದಿನ ಹಿಡಿಯಿತು. ಅದು ಮಾರಾಟವಾಗಿ ಯಾರದೋ ಬೆರಳಿಗೆ ಹೋಯಿತು, ತಿರುಗಿ ಬರಲಿಲ್ಲ. ನಮ್ಮ ಕೆಲಸದಲ್ಲಿ ಹೊಗಳಿಕೆ ಎಂದರೆ ಅಷ್ಟೇ. ಅಂಗಡಿಯ ಬಂಗಾರ ಹೊರಗೆ ಒಯ್ಯುವ ಹಾಗಿಲ್ಲವಾದ್ದರಿಂದ ಚಾಚಾಗೆ ಬಾಯಿಮಾತಿನಲ್ಲೇ ವಿವರಿಸಿದೆ. ಅವರು ಪ್ರತಿ ಹರಳಿನ ಬಗ್ಗೆಯೂ ಕೇಳಿದರು.

ಈ ವರ್ಷ ಬೇಸಿಗೆಯಲ್ಲಿ ಅವರ ತಮ್ಮ ಮನೆ ರಿಪೇರಿಗೆ ತೆಗೆದರು. ಅದೇ ಹೊತ್ತಿಗೆ ಚಾಚಾ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದರು. ಹೆಚ್ಚಿನ ಪೆಟ್ಟೇನೂ ಆಗಲಿಲ್ಲ, ಆದರೆ ಹುಬ್ಬಳ್ಳಿಯಿಂದ ಮಗಳು ಬಂದು, ಇನ್ನು ನಮ್ಮಲ್ಲೇ ಇರಲಿ ಎಂದಳು. ಅದು ಸರಿಯಾದ ಮಾತೇ. ನಾನು ಬೇಡ ಎನ್ನಲು ಯಾರು?

ಹೊರಡುವ ದಿನ ನಾನು ಖಾನಾಪುರದ ರೈಲು ನಿಲ್ದಾಣಕ್ಕೆ ಹೋದೆ. ಮಗಳು ಎರಡು ಚೀಲ, ಒಂದು ಟ್ರಂಕು ಇಟ್ಟುಕೊಂಡು ನಿಂತಿದ್ದಳು. ಅವಳನ್ನು ಆಗಲೇ ಮೊದಲ ಸಲ ನೋಡಿದ್ದು. "ಅಬ್ಬಾ ನಿಮ್ಮ ಬಗ್ಗೆ ಹೇಳ್ತಿರ್ತಾರ," ಎಂದು ನನ್ನ ಕೈ ಹಿಡಿದಳು. ಚಾಚಾ ಬೆಂಚಿನ ಮೇಲೆ ಕೂತಿದ್ದರು.

"ಹುಬ್ಬಳ್ಳಿ ದೂರ ಅಲ್ಲ," ಎಂದರು.

"ಅಲ್ರೀ."

"ಫೋನ್ ಮಾಡು. ನನಗ ನಂಬರ್ ಒತ್ತಾಕ ಬರಂಗಿಲ್ಲ."

"ಮಾಡ್ತೀನ್ರಿ."

ರೈಲು ಬಂತು, ಮಗಳು ಟ್ರಂಕು ಹತ್ತಿಸಿದಳು. ಚಾಚಾ ಬಾಗಿಲ ಕಂಬಿ ಹಿಡಿದು, ಕಾಲಿನಿಂದ ಮೆಟ್ಟಿಲು ಹುಡುಕಿ ಮೇಲೆ ಹೋದರು. ಒಳಗೆ ಜನ ಬಹಳ ಇದ್ದರು. ಯಾವ ಕಿಟಕಿಯಲ್ಲಿ ಕೂತರೋ ನನಗೆ ಕಾಣಲಿಲ್ಲ. ಬಹುಶಃ ಆಚೆಯ ಬದಿಯಲ್ಲಿ ಕೂತಿರಬೇಕು. ನಾನು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಒಂದೊಂದು ಕಿಟಕಿ ನೋಡುತ್ತ ನಡೆದೆ. ರೈಲು ಹೊರಟಿತು.

ಬೆಳಗಾವಿ ಕಡೆಯ ರೈಲಿಗೆ ಇನ್ನೂ ಒಂದು ತಾಸಿತ್ತು. ಬಸ್ಸಿಗೆ ಹೋಗಬಹುದಿತ್ತು, ಆದರೆ ಏಳಲು ಮನಸ್ಸಾಗಲಿಲ್ಲ. ಅದೇ ಬೆಂಚಿನ ಮೇಲೆ ಕೂತೆ. ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡ ಒಬ್ಬ ಹೆಂಗಸು ಪಕ್ಕದಲ್ಲಿ ಬಂದು ಕೂತಳು.

"ಯಾರನ್ನ ಕಳಿಸಾಕ ಬಂದಿದ್ರಿ?" ಎಂದು ಕೇಳಿದಳು. "ಅಪ್ಪಾರೇನು?"

ನಾನು ರೈಲು ಹೋದ ಹಳಿಯ ಕಡೆ ನೋಡಿದೆ.

"ಅಲ್ರೀ," ಎಂದೆ. "ನಮ್ಮ ಜೋಡಿ ಕೆಲಸಾ ಮಾಡತಿದ್ರು."

"ಹೌದೇನು," ಎಂದು ಅವಳು ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗಿದಳು. ಮೆಂತ್ಯ ಬಾಡುತ್ತಿತ್ತು. ನಾನು ಒಂದು ಕಟ್ಟು ಕೊಂಡೆ. ರೈಲು ಬರುವವರೆಗೆ ಅವಳು ತನ್ನ ಸೊಸೆಯ ಬಗ್ಗೆ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ.